ಅತ್ತೆಯಲ್ಲಿ ನನ್ನ ಪಾಲು

ನನ್ನ ಓರಗಿತ್ತಿ ಕೋಲಾರದ ನಮ್ಮ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ನಾನು ಆ ಮನೆಯಲ್ಲಿ ಬೇರು ಬಿಟ್ಟಾಗಿತ್ತು. ನಾನು ಮಾಲೂರಿನವಳು. ಅವಳು ಶ್ರೀನಿವಾಸಪುರದ ಕಡೆಯ ತೆಲುಗು ಮಾತಿನ ಮನೆಯ ಹುಡುಗಿ. ನನ್ನ ಗಂಡ ಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದರು. ಮೈದುನ ಗಾಡಿ ಕಟ್ಟಿಕೊಂಡು ಹಳ್ಳಿಗಳ ಮೇಲೆ ಹೋಗಿ ಹಣ್ಣು ಕೊಂಡು ತರುತ್ತಿದ್ದ. ಮಾವ ಬಹಳ ಹಿಂದೆಯೇ ತೀರಿಕೊಂಡಿದ್ದರು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಮತ್ತು ನಾನು.

ಅತ್ತೆಗೆ ನನ್ನ ಮಾತೆಂದರೆ ಪ್ರಾಣ. ಅವರು ಹಿತ್ತಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ನಾನು ಎದುರು ಕೂತು ಊರ ಸುದ್ದಿ ಹೇಳುತ್ತಿದ್ದೆ. ಯಾರು ಹೇಗೆ ನಡೆಯುತ್ತಾರೆ, ಯಾರು ಹೇಗೆ ಸೀನುತ್ತಾರೆ ಎಂಬುದನ್ನೆಲ್ಲ ಮಾಡಿ ತೋರಿಸುತ್ತಿದ್ದೆ. ಪ್ಲೇಗು ಬಂದ ವರ್ಷ ಊರು ಬಿಟ್ಟು ಬಯಲಲ್ಲಿ ತಡಿಕೆ ಗುಡಿಸಲು ಹಾಕಿಕೊಂಡಿದ್ದಾಗ, ಸುತ್ತಲಿನವರೆಲ್ಲ ಜೀವ ಹಿಡಿದುಕೊಂಡು ಕೂತಿದ್ದರೂ ನಮ್ಮ ಗುಡಿಸಲಿನಿಂದ ಅತ್ತೆಯ ನಗು ಕೇಳುತ್ತಿತ್ತು. 'ಇವಳೊಬ್ಬಳು ಇದ್ರೆ ನಂಗೆ ಔಷಧಿ ಬೇಡ' ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೆಣ್ಣುಮಕ್ಕಳಿಲ್ಲದ ಅವರಿಗೆ ನಾನೇ ಮಗಳಾಗಿದ್ದೆ.

ಓರಗಿತ್ತಿ ಬಂದಾಗ ನನಗೇನೂ ಭಯವಾಗಲಿಲ್ಲ. ಮಾತೇ ಆಡದ ಹುಡುಗಿ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಸಂಜೆ ಎಲ್ಲರೂ ಜಗಲಿಗೆ ಬಂದು ಕೂತರೆ ಅವಳು ಒಳಗೇ ಉಳಿಯುತ್ತಿದ್ದಳು. ನಾಲ್ಕು ಜನ ಸೇರಿದರೆ ಅವಳ ಮುಖ ಬಿಸಿಲಿಗೆ ಇಟ್ಟ ಸೊಪ್ಪಿನಂತಾಗುತ್ತಿತ್ತು. ಇಂಥವಳು ನನಗೇನು ಸಾಟಿ ಎಂದುಕೊಂಡಿದ್ದೆ.

ಮೊದಲ ಯುಗಾದಿಗೆ ಅವಳಿಗೆ ಒಬ್ಬಟ್ಟು ತಟ್ಟಲು ಹೇಳಿದೆ. ಹರಿದು ಹೋಯಿತು, ಹೂರಣ ಹೆಂಚಿಗೆ ಅಂಟಿ ಸುಟ್ಟಿತು. ನಾನು ನಕ್ಕು ನನ್ನ ಕೈಯ ಒಬ್ಬಟ್ಟು ತೋರಿಸಿದೆ. ಅವಳು ಅಳಲಿಲ್ಲ, ನಗಲೂ ಇಲ್ಲ. ನನ್ನ ಕೈಬೆರಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನಾವು ಮಲಗಿದ ಮಧ್ಯಾಹ್ನಗಳಲ್ಲಿ ಅಡುಗೆಮನೆಯಿಂದ ತಪತಪ ಸದ್ದು ಬರುತ್ತಿತ್ತು. ಬರೀ ಹಿಟ್ಟು ಕಲಸಿ ತಟ್ಟುವುದು, ಮುದ್ದೆ ಮಾಡುವುದು, ಮತ್ತೆ ತಟ್ಟುವುದು. ಮರುವರ್ಷದ ಯುಗಾದಿಗೆ ಅವಳ ಒಬ್ಬಟ್ಟು ವೀಳ್ಯದೆಲೆಯಷ್ಟು ತೆಳ್ಳಗಿತ್ತು. ಮುಳಬಾಗಿಲಿನ ಕಡೆಯಿಂದ ಬಂದಿದ್ದ ಅತ್ತೆಯ ಅಣ್ಣ ಎರಡನೇ ಸಲ ಹಾಕಿಸಿಕೊಂಡು, ಇದನ್ನು ಯಾರು ಮಾಡಿದ್ದೆಂದು ಕೇಳಿದರು. ಅವಳು ಉತ್ತರ ಕೊಡದೆ ಒಳಗೆ ಹೋಗಿ, ತಟ್ಟೆಯಲ್ಲಿ ಉಳಿದಿದ್ದ ಒಂದು ಒಬ್ಬಟ್ಟಿನ ಅಂಚು ದಪ್ಪವಾಗಿದೆಯೆಂದು ಸಪ್ಪಗೆ ನೋಡುತ್ತಿದ್ದಳು. ಹೊಗಳಿಕೆ ಅವಳಿಗೆ ಬೇಕಾಗಿಯೇ ಇರಲಿಲ್ಲ. ನನಗೆ ಬೇಕಾಗಿತ್ತು, ಸಿಕ್ಕಲಿಲ್ಲ. ಆ ದಿನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿತ್ತು.

ಯುದ್ಧ ಶುರುವಾಗಿ ಸೀಮೆಎಣ್ಣೆಗೂ ಪರದಾಡುವ ಕಾಲ ಬಂದಾಗ ಅತ್ತೆಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ವಾಲಿ ಬಿದ್ದರು. ಬಲಗೈ, ಬಲಗಾಲು ಹೋಯಿತು. ಬಾಯಿ ಒಂದು ಕಡೆ ಎಳೆದುಕೊಂಡಿತು. ಮಾತು ನಿಂತೇ ಹೋಯಿತು. ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ, ಇಷ್ಟೇ ಎಂದು ತಿಳಿದು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಹೋದರು. ನಾನು ಮಂಚದ ಪಕ್ಕ ಕೂತು ಅತ್ತುಬಿಟ್ಟೆ. ಓರಗಿತ್ತಿ ಬಿಸಿನೀರು ಕಾಯಿಸಲು ಹೋದಳು.

ಅಂದಿನಿಂದ ಅವಳು ಬೇರೆಯೇ ಮನುಷ್ಯಳಾದಳು. ಮಾತಿನಲ್ಲಿ ಮಾತ್ರ ಹಾಗೇ ಇದ್ದಳು. ಬೆಳಗಾದರೆ ಹರಳೆಣ್ಣೆ ಬಿಸಿ ಮಾಡಿ ಅತ್ತೆಯ ಕೈಕಾಲು ತಿಕ್ಕುವಳು. ಆಮೇಲೆ ಒಂದು ಬಟ್ಟಲಲ್ಲಿ ಹುಣಸೆಬೀಜ ತಂದಿಟ್ಟು, ಅತ್ತೆಯ ಸತ್ತ ಬೆರಳುಗಳನ್ನು ತನ್ನ ಬೆರಳಲ್ಲಿ ಹಿಡಿದು ಒಂದೊಂದೇ ಬೀಜವನ್ನು ಇನ್ನೊಂದು ಬಟ್ಟಲಿಗೆ ಹಾಕಿಸುವಳು. ಮಂಚದಿಂದ ಪಡಸಾಲೆಯ ಬಾಗಿಲವರೆಗೆ ಗೋಡೆಗುಂಟ ಹಗ್ಗ ಕಟ್ಟಿಸಿದಳು. ಇದೆಲ್ಲ ಯಾಕೆ ಎಂದು ನನ್ನ ಗಂಡ ಕೇಳಿದರೆ, 'ಇರ್ಲಿ ಭಾವ' ಎಂದಷ್ಟೇ ಹೇಳಿದಳು. ಅವಳ ಮನಸ್ಸಿನಲ್ಲಿ ಅತ್ತೆ ಆಗಲೇ ಎದ್ದು ಆ ಬಾಗಿಲಲ್ಲಿ ನಿಂತಿದ್ದರು. ಆ ಲೆಕ್ಕಾಚಾರ ಅವಳು ಯಾರಿಗೂ ಹೇಳಲಿಲ್ಲ.

ನಾನೂ ಕೆಲಸ ಮಾಡಿದೆ. ಗಂಜಿ ಕುಡಿಸಿದೆ, ಬಟ್ಟೆ ಒಗೆದೆ. ಆದರೆ ನನ್ನ ಮಾತು ಹೊರಡದಾಯಿತು. ತಿರುಗಿ ಉತ್ತರ ಕೊಡದ ಬಾಯಿಯ ಮುಂದೆ ಏನು ಕತೆ ಹೇಳುವುದು? ಆ ಮೌನದಲ್ಲಿ ಓರಗಿತ್ತಿ ನೀರಲ್ಲಿ ಮೀನು ಇದ್ದಂತೆ ಇದ್ದಳು. ಅತ್ತೆ ಕಣ್ಣು ತಿರುಗಿಸಿದರೆ ಸಾಕು, ಬೆನ್ನಿಗೆ ದಿಂಬು ಬೇಕೋ, ಕಿಟಕಿ ತೆರೆಯಬೇಕೋ ಅವಳಿಗೆ ಗೊತ್ತಾಗುತ್ತಿತ್ತು. ನಾನು ಇಷ್ಟು ವರ್ಷ ಜೊತೆಗಿದ್ದವಳು, ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾವಿಬ್ಬರೂ ಅಲ್ಲೇ ಇದ್ದೆವು. ಅತ್ತೆಯ ಗಂಟಲು ಕದಲಿತು. ತುಟಿ ನಡುಗಿ, 'ನೀ...' ಎಂದರು. ನೀನು ಎಂದು ನನ್ನನ್ನೇ ಕರೆಯುತ್ತಿದ್ದಾರೆಂದು ಓಡಿಹೋಗಿ ಅವರ ಕೈ ಹಿಡಿದು, 'ನಾನಿಲ್ಲೇ ಇದೀನಿ ಅತ್ತೆ' ಎಂದೆ. ಅವರು ತಲೆ ಅಲ್ಲಾಡಿಸಿದರು. ಮತ್ತೆ 'ನೀ... ನೀ...' ಎಂದು ಒದ್ದಾಡಿದರು. ಹಿಂದಿನಿಂದ ಓರಗಿತ್ತಿ ಲೋಟ ಹಿಡಿದು ಬಂದು, 'ನೀಳ್ಳಾ ಅತ್ತಮ್ಮಾ?' ಎಂದಳು. ಅತ್ತೆ ಗಟಗಟ ನೀರು ಕುಡಿದರು.

ಅತ್ತೆಯ ತೌರು ಮುಳಬಾಗಿಲಿನ ಆಚೆ, ತೆಲುಗು ಸೀಮೆಯ ಗಡಿಗೆ ಹತ್ತಿರ. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಬಂದವರು ನಮ್ಮ ಮನೆಯಲ್ಲಿ ಕನ್ನಡವನ್ನೇ ಆಡಿಕೊಂಡು ಬಂದಿದ್ದರು. ಈಗ ಸತ್ತ ನಾಲಿಗೆ ಎದ್ದಾಗ ಎದ್ದದ್ದು ತೆಲುಗು. ಪೇಟೆಯ ತೆಲುಗು ನನಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಆದರೆ ಅವರಿಬ್ಬರೂ ಆಡುತ್ತಿದ್ದದ್ದು ಅಡುಗೆಮನೆಯ, ಅಮ್ಮನ ಮಡಿಲಿನ ತೆಲುಗು. ದಿನಕ್ಕೆ ನಾಲ್ಕಾರು ತುಂಡು ಮಾತು, ಅದೂ ಪಿಸುದನಿಯಲ್ಲಿ. ನಾನು ಬಾಗಿಲಲ್ಲಿ ಕಾಣಿಸಿದರೆ ಇಬ್ಬರೂ ನನ್ನ ಕಡೆ ನೋಡುವರು. ನನ್ನ ಮನೆಯಲ್ಲೇ ನಾನು ನೆಂಟರವಳಾಗಿಬಿಟ್ಟಂತೆ ಅನಿಸುತ್ತಿತ್ತು. ಅತ್ತೆ ಬದುಕಿದರಲ್ಲ ಎಂಬ ಸಂತೋಷದ ಪಕ್ಕದಲ್ಲೇ, ಅವಳಿಂದ ಬದುಕಬೇಕಾಗಿತ್ತೇ ಎಂಬ ಸಂಕಟವೂ ಕೂತಿರುತ್ತಿತ್ತು. ನೋಡಲು ಬಂದವರು ಅವಳ ಕಡೆ ಕೈತೋರಿ, ಪುಣ್ಯವಂತೆ ನೀನು, ಇಂಥ ಸೊಸೆ ಸಿಕ್ಕಳು ಎಂದು ಅತ್ತೆಗೆ ಹೇಳುತ್ತಿದ್ದರು. ಕಾಫಿ ತಂದುಕೊಡುತ್ತಿದ್ದವಳು ನಾನು.

ಅಷ್ಟರಲ್ಲಿ ತೌರಿನಲ್ಲಿ ತಮ್ಮನ ಮದುವೆ ಬಂತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ದಾರಿಯುದ್ದಕ್ಕೂ ಹೊಗೆ ಕುಡಿದು ಮಾಲೂರಿಗೆ ಹೋದೆ. ಮದುವೆ ಮುಗಿದರೂ ಬೇಕೆಂದೇ ಉಳಿದೆ. ನಾನಿಲ್ಲದಿದ್ದರೆ ಆ ಮನೆ ಹೇಗೆ ನಡೆಯುತ್ತದೋ ನೋಡೋಣ ಎಂಬ ಹಟ. ಅಮ್ಮ ಒಂದು ದಿನ, ನಿನ್ನತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ನೋಡಿಕೊಳ್ಳುವವಳು ಇದ್ದಾಳೆ ಎಂದೆ.

ತಿರುಗಿ ಬಂದಾಗ ಮನೆ ಗುಡಿಸಿ ಸಾರಿಸಿಕೊಂಡು ಥಳಥಳ ಎನ್ನುತ್ತಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದರೆ, ಪಡಸಾಲೆಯ ಬಾಗಿಲಲ್ಲಿ ಹಗ್ಗ ಹಿಡಿದು ಅತ್ತೆ ನಿಂತಿದ್ದರು. ತಮ್ಮ ಕಾಲ ಮೇಲೆ ತಾವೇ. ನನ್ನ ನೋಡಿದ್ದೇ ಅವರ ಮುಖ ಕಿವುಚಿಕೊಂಡು ಕಣ್ಣಿಂದ ನೀರು ಇಳಿಯಿತು. ನಾನೂ ಅತ್ತುಬಿಟ್ಟೆ. ನನ್ನ ಅಳು ಬರೀ ಸಂತೋಷದ್ದಾಗಿರಲಿಲ್ಲ. ಅವರು ಎದ್ದು ನಿಂತ ಗಳಿಗೆಯಲ್ಲಿ ನಾನು ಇರಲಿಲ್ಲ. ಆ ಗಳಿಗೆ ಪೂರ್ತಿ ಅವಳದಾಗಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಓರಗಿತ್ತಿ ತಾನಾಗಿಯೇ ಬಾಯಿ ತೆರೆದಳು. ಅದೇ ಒಂದು ಅಪರೂಪ.

'ಅಕ್ಕ, ನೀವು ಹೋದಾಗಿಂದ ಅತ್ತೆ ನಗ್ಲೇ ಇಲ್ಲ.'

ನಾನು ಇನ್ನೊಂದು ಕಾಯಿ ಎತ್ತಿಕೊಂಡು ಸುಲಿದೆ.

'ನಡೆಸಿದೆ. ಮಾತು ಬರ್ಸಿದೆ. ನಗ್ಸೋದು ನನ್ನ ಕೈಲಾಗ್ಲಿಲ್ಲ. ದಿನಾ ಸಂಜೆ ನೀವು ಬಂದು ಕೂತ್ಕೊಂಡು ಮಾತಾಡ್ಬೇಕು. ಮೊದಲಿನ ಥರ.'

ಅವಳ ಮುಖ ನೋಡಿದೆ. ಹರಿದ ಒಬ್ಬಟ್ಟನ್ನು ನೋಡುವಾಗಿನ ಮುಖವೇ. ನನಗೆ ರೇಗಿತು. ಎಣ್ಣೆ, ಕಷಾಯದ ಸಾಲಿನಲ್ಲಿ ನನ್ನನ್ನೂ ಒಂದು ಔಷಧಿಯಂತೆ ಇಟ್ಟು, ಸಂಜೆಗೊಂದು ಹೊತ್ತು ಎಂದು ಗೊತ್ತುಮಾಡುತ್ತಿದ್ದಾಳಲ್ಲ! ಆದರೂ ಮರುದಿನ ಹೋಗಿ ಕೂತೆ. ಹೋಗದೆ ಇರಲು ಆಗಲಿಲ್ಲ. ಮಾಲೂರಿನ ಮದುವೆಯಲ್ಲಿ ಹೆಣ್ಣಿನ ಸೋದರಮಾವನ ಪೇಟ ಊಟದ ಸಾಲಿನಲ್ಲಿ ಬಿಚ್ಚಿ ಸಾರಿನ ಕೊಳಗಕ್ಕೆ ಇಳಿದದ್ದನ್ನು ಹೇಳಿದೆ. ಬಡಿಸುವವನು ಅದನ್ನು ನೋಡದೆ ಸೌಟಿನಲ್ಲಿ ಎಳೆದ ರೀತಿಯನ್ನು ಮಾಡಿ ತೋರಿಸಿದೆ. ಅತ್ತೆಯ ಅರ್ಧ ಮುಖ ಮೊದಲು ಅದುರಿತು. ಆಮೇಲೆ ಹೊಟ್ಟೆ ಕುಲುಕಿತು. ಗಂಟಲಿಂದ ಕೊಕ್‌ಕೊಕ್ ಎಂದು ಸದ್ದು ಬಂತು. ನಕ್ಕರು.

ಓರಗಿತ್ತಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ನಾನು ಬಾವಿಯಿಂದ ಬಂದಾಗ ಒಳಗೆ ಅವಳ ದನಿ ಕೇಳಿಸಿತು. ಅದೇ ಪೇಟದ ಕತೆ. ನಾನು ಹೇಳಿದ ಮಾತುಗಳನ್ನೇ, ಒಂದೂ ಬಿಡದೆ, ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ಸೌಟು ಎಳೆಯುವ ಕಡೆ ಕೈಯನ್ನೂ ಎತ್ತಿದಳು, ಮರದ ಕೈಯಂತೆ. ಅತ್ತೆ ತಾಳ್ಮೆಯಿಂದ ಕೇಳಿದರು. ಕತೆ ಮುಗಿಯಿತು, ನಗು ಬರಲಿಲ್ಲ. ಅವಳು ತಲೆ ತಗ್ಗಿಸಿ ಕೂತಳು.

ನನ್ನ ಹೊಟ್ಟೆ ಮಜ್ಜಿಗೆ ಕುಡಿದಷ್ಟು ತಣ್ಣಗಾಯಿತು. ಸುಳ್ಳೇಕೆ ಹೇಳಲಿ. ಆದರೆ ಆ ತಂಪು ಉಳಿಯಲಿಲ್ಲ. ಅತ್ತೆ ತಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ, ಆ ಕೆಟ್ಟ ಕೈಯನ್ನೇ ಅವಳ ತಲೆಯ ಮೇಲೆ ಇಟ್ಟು, 'ಚಾಲಮ್ಮಾ' ಎಂದರು. ಸಾಕು ತಾಯಿ, ಇಷ್ಟು ಮಾಡಿದ್ದು ಸಾಕು. ನಾನು ಎಷ್ಟು ನಗಿಸಿದರೂ ಅತ್ತೆ ನನಗೆ ಸಾಕು ಎಂದು ಹಾಗೆ ಹೇಳಿದ್ದಿಲ್ಲ.

ಕೊಡ ಸೊಂಟದ ಮೇಲಿಟ್ಟುಕೊಂಡೇ ನಿಂತಿದ್ದೆ. ಆ ಹುಡುಗಿಗೆ ಪ್ರೀತಿ ಎಂದರೆ ಮಾಡಿ ಮುಗಿಸಬೇಕಾದ ಕೆಲಸ ಎಂಬುದು ನನಗೆ ಅಂದು ಹೊಳೆಯಿತು. ಮಾತಿನಲ್ಲಿ ಕೊಡಲಾಗದ್ದನ್ನು ಅವಳು ಕೈಯಲ್ಲಿ ಕೊಡುತ್ತಿದ್ದಳು. ಕೊಟ್ಟದ್ದರಲ್ಲಿ ಎಲ್ಲಿ ಕೊರತೆಯಾಯಿತೋ ಅದು ಮಾತ್ರ ಅವಳ ಕಣ್ಣಿಗೆ ಕಾಣುತ್ತಿತ್ತು. ನನ್ನನ್ನು ಸೋಲಿಸಬೇಕೆಂದು ಅವಳು ಒಂದು ದಿನವೂ ಎಣಿಸಿರಲಿಲ್ಲ. ಅವಳ ಪಂದ್ಯವೆಲ್ಲ ಅವಳ ಜೊತೆಗೇ. ಇದು ತಿಳಿದ ಮೇಲೆ ಅಸೂಯೆ ಹೋಗಬೇಕಿತ್ತು. ಇನ್ನೂ ಹೆಚ್ಚಾಯಿತು. ಜಗಳಕ್ಕೆ ಸಿಗದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಒಂಟಿ ಕೆಲಸ.

ಅತ್ತೆ ಇನ್ನೂ ಕೆಲವು ವರ್ಷ ಇದ್ದರು. ಕೋಲು ಹಿಡಿದು ಜಗಲಿಯವರೆಗೆ ಬರುತ್ತಿದ್ದರು. ಬೆಳಿಗ್ಗೆ ಅವಳ ಪಾಲು, ಸಂಜೆ ನನ್ನ ಪಾಲು. ಯುದ್ಧ ಮುಗಿದ ಮೇಲೊಂದು ಮುಂಜಾನೆ ನಿದ್ದೆಯಲ್ಲೇ ಹೋದರು. ಯಾರನ್ನೂ ಕರೆಯಲಿಲ್ಲ, ಆ ಭಾಷೆಯಲ್ಲೂ ಇಲ್ಲ, ಈ ಭಾಷೆಯಲ್ಲೂ ಇಲ್ಲ. ಅದೊಂದು ನನಗೆ ಸಮಾಧಾನ.

ವರ್ಷ ತುಂಬುವುದರೊಳಗೆ ಹಿಂದಿನ ಬೀದಿಯ ಸಾಬರ ಮನೆಯಿಂದ ಹೆಂಗಸೊಬ್ಬಳು ಬಂದಳು. ಅವಳ ಅತ್ತೆಗೂ ಲಕ್ವ ಹೊಡೆದಿತ್ತು. ನಿಮ್ಮ ಮನೆಯ ಚಿಕ್ಕ ಸೊಸೆ ಒಂದು ಸಲ ಬಂದು ನೋಡಿದರೆ ದೊಡ್ಡ ಉಪಕಾರ ಎಂದು ನನ್ನ ಮುಂದೆ ಕೈ ಮುಗಿದಳು. ಓರಗಿತ್ತಿ ಒಳಗಿನಿಂದ ನನ್ನ ಸೆರಗು ಎಳೆದಳು.

'ಗೊತ್ತಿಲ್ಲದವರ ಮನೆ ಅಕ್ಕ. ನೀವೂ ಬನ್ನಿ. ಮಾತೆಲ್ಲ ನೀವೇ ಆಡಿ.'

ಹೋದೆವು. ನಾನು ಅವರ ಮನೆಯವರನ್ನೆಲ್ಲ ಮಾತಾಡಿಸಿದೆ, ಭಯ ಬೇಡ ಎಂದೆ, ಬರುವ ಅರೆಬರೆ ಉರ್ದುವಿನಲ್ಲಿ ಮುದುಕಿಯನ್ನು ನಗಿಸಿಯೂ ನಗಿಸಿದೆ. ಅವಳು ಒಂದು ಮಾತೂ ಆಡದೆ ಮುದುಕಿಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಆ ಮನೆಯವಳು ಚಹಾ ತಂದಳು. ಮೊದಲ ಬಟ್ಟಲನ್ನು ಓರಗಿತ್ತಿಯ ಮುಂದೆ ಇಟ್ಟಳು, ಎರಡನೆಯದನ್ನು ನನ್ನ ಮುಂದೆ.