ಕಾರಿನ ಕೆಳಗೊಂದು ತೊಟ್ಟು

ಇವತ್ತು ಬೆಳಿಗ್ಗೆ ನಮ್ಮ ಗೇಟಿನೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಕೈಯಲ್ಲಿ ಹಳೇ ಬನಿಯನ್ನಿನ ಚೂರು. ಎದುರಿಗೆ, ಕಾರಿನ ಮೂತಿಯ ಕೆಳಗೆ, ಸಿಮೆಂಟಿನ ನೆಲದ ಮೇಲೆ ಎಣ್ಣೆಯ ಒಂದು ತೊಟ್ಟು. ದೊಡ್ಡದೇನಲ್ಲ, ಎರಡು ರೂಪಾಯಿ ನಾಣ್ಯದಷ್ಟು. ನಿಮ್ಮ ಮನೆಯಲ್ಲಾಗಿದ್ದರೆ ನೀವು ದಾಟಿಕೊಂಡು ಹೋಗುತ್ತಿದ್ದಿರಿ. ನಾನು ಮಾತ್ರ ಕಂಡ ಕೂಡಲೇ ಆ ಬಟ್ಟೆ ಚೂರು ಹುಡುಕಿ ತಂದಿದ್ದೆ. ಒಳಗೆ ಸರೋಜ ಬಕೆಟ್ಟಿಗೆ ನೀರು ಬಿಡುತ್ತಿರುವ ಸದ್ದು ಕೇಳುತ್ತಿತ್ತು. ಅವಳು ಅಂಗಳ ತೊಳೆಯಲು ಬರುವುದರೊಳಗೆ ಆ ತೊಟ್ಟು ಅಲ್ಲಿರಬಾರದು ಎಂಬುದೊಂದೇ ನನ್ನ ಯೋಚನೆ.

ಹೆಂಡತಿಗೆ ಹೆದರುವ ಗಂಡಸು ಎಂದು ನಗಬೇಡಿ. ನಗುವುದಿದ್ದರೂ ಪೂರ್ತಿ ಕೇಳಿ ನಗಿ. ಈ ಕಾರನ್ನು ಕೊಳ್ಳುವಾಗ ಅವಳೊಂದು ಷರತ್ತು ಹಾಕಿದ್ದಳು. ಅಡುಗೆಮನೆಗೆ ಹೊಸ ಕಟ್ಟೆ ಹಾಕಿಸಬೇಕೆಂದು ಕೂಡಿಸಿಟ್ಟಿದ್ದ ಚೀಟಿ ದುಡ್ಡು ಅದು. "ತಗೊಳ್ಳಿ, ನಿಮ್ಮಾಸೆ ಯಾಕೆ ಬೇಡ ಅನ್ಲಿ. ಆದ್ರೆ ಒಂದೇ ಸಲ. ಇದು ಕೈಕೊಟ್ಟು ಗ್ಯಾರೇಜಲ್ಲಿ ನಿಂತ್ರೆ ಮಾರ್ಬಿಡ್ಬೇಕು. ಆಮೇಲೆ ಈ ಮನೇಲಿ ಕಾರಿನ ಮಾತೇ ಎತ್ತೋ ಹಾಗಿಲ್ಲ" ಅಂದಿದ್ದಳು. ನಾನು ಹೂಂ ಅಂದಿದ್ದೆ. ಮೂರು ವರ್ಷದಿಂದ ಅದೇ ಹಳೇ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಅವಳು ಚಪಾತಿ ಲಟ್ಟಿಸುತ್ತಿದ್ದಾಳೆ, ಹೊರಗೆ ಈ ಬೆಳ್ಳಿ ಬಣ್ಣದ ಕಾರು ನಿಂತಿದೆ.

ಆಸೆಯ ಮೂಲ ಹೇಳಿಬಿಡುತ್ತೇನೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕ್ರ್ಯಾಂಕ್ ಶಾಫ್ಟುಗಳ ಅಳತೆ ನೋಡಿದವನು. ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಅಂಕುಡೊಂಕು ಉಕ್ಕಿನ ದಂಡ ಅದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ನಮ್ಮಲ್ಲಿ ಬರುತ್ತಿದ್ದುದೆಲ್ಲ ನಾಲ್ಕು ಸಿಲಿಂಡರಿನವು. ನಾನಿನ್ನೂ ಹೊಸಬನಾಗಿದ್ದಾಗ ಒಂದು ದಿನ ಎಲ್ಲಿಂದಲೋ ಆರು ಸಿಲಿಂಡರಿನದೊಂದು ಮಾದರಿಗೆಂದು ಬಂತು. ನಮ್ಮ ಮೇಸ್ತ್ರಿ ಅದನ್ನು ಕಟ್ಟೆಯ ಮೇಲೆ ಮಲಗಿಸಿ ಒಂದು ಬೆರಳಲ್ಲಿ ತಿರುಗಿಸಿದರು. ಅದು ತಿರುಗಿತು ನೋಡಿ, ಆಹಾ! "ಆರು ಜನ ಸೇರಿ ದಬ್ಬಿದ್ರೆ ಒಬ್ಬರ ಕುಲುಕಾಟನ ಇನ್ನೊಬ್ರು ನುಂಗ್ಕೋತಾರೆ ಕಣೋ. ಹೊರಗೆ ಕೂತೋರಿಗೆ ಗೊತ್ತೇ ಆಗಲ್ಲ" ಅಂದರು. ಅವತ್ತು ಮನಸ್ಸಿಗೆ ಹತ್ತಿದ ಹುಚ್ಚು ಐವತ್ತೈದಾದರೂ ಇಳಿಯಲಿಲ್ಲ. ಹೊಸದು ಕೊಳ್ಳುವ ಮಾತು ನಮ್ಮಂಥವರದ್ದಲ್ಲ. ಆದರೆ ಒಂದು ಕಾಲಕ್ಕೆ ಸಾಹುಕಾರರು ಮೆರೆಸಿದ ಇಂಥ ಕಾರುಗಳು ಹತ್ತು ಹನ್ನೆರಡು ವರ್ಷಕ್ಕೆ ನಮ್ಮ ಕೈಗೆಟುಕುವ ಬೆಲೆಗೆ ಇಳಿದುಬಿಡುತ್ತವೆ. ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ಅಲ್ಲೇ ಇರುವುದು ಮರ್ಮ.

ತಿಂಗಳುಗಟ್ಟಲೆ ಫೋನಿನಲ್ಲಿ ಹುಡುಕಿ ಕೊನೆಗೆ ಎರಡಕ್ಕೆ ಬಂದು ನಿಂತೆ. ಒಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದ ಜರ್ಮನಿಯ ನೀಲಿ ಕಾರು. ಅದರ ಆರು ಸಿಲಿಂಡರುಗಳೂ ಒಂದೇ ಸಾಲಿನಲ್ಲಿ, ನಮ್ಮ ಮೇಸ್ತ್ರಿ ತಿರುಗಿಸಿದ್ದ ದಂಡದ ಹಾಗೆಯೇ. ಇನ್ನೊಂದು ಕುಂದಲಹಳ್ಳಿಯಲ್ಲಿದ್ದ ಜಪಾನಿನ ಬೆಳ್ಳಿ ಕಾರು. ಅದರಲ್ಲಿ ಮೂರು ಈ ಕಡೆ, ಮೂರು ಆ ಕಡೆ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಕಾರ್ಖಾನೆಯ ಚಾಳಿ ಬಿಡುತ್ತದೆಯೇ? ತಪಾಸಣೆಯ ಪಟ್ಟಿಯೊಂದನ್ನು ಮಾಡಿದೆ. ಟೈರು, ಗೇರು, ಏಸಿ, ಕಾಗದಪತ್ರ ಎಂದು ಇಪ್ಪತ್ತೆರಡು ಕಲಮು, ಒಂದೊಂದಕ್ಕೂ ಹತ್ತು ಅಂಕ. ಫೋನಿನಲ್ಲಿ ಕಂಡ ಫೋಟೋ, ವಿವರ ನೋಡಿಯೇ ಅಂಕ ಹಾಕಿ ಕೂಡಿದರೆ ಎರಡಕ್ಕೂ ಸಮಸಮ! ಆಮೇಲೆ ಕೆಳಗೆ 'ಮನಸ್ಸಿಗೆ ಹಿಡಿಸಿದ್ದು' ಎಂದು ಇಪ್ಪತ್ಮೂರನೆಯ ಕಲಮು ಸೇರಿಸಿ ನೀಲಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಸರೋಜ ಅದನ್ನು ನೋಡಿ, "ಇಷ್ಟಕ್ಕೆ ಮೊದಲಿನ ಇಪ್ಪತ್ತೆರಡು ಯಾಕೆ ಬರೆದ್ರಿ?" ಎಂದು ಕೇಳಿ ಒಳಗೆ ಹೋದಳು.

ಪಟ್ಟಿಯನ್ನು ಮಡಚಿಕೊಂಡು ಈರಣ್ಣನ ಹತ್ತಿರ ಹೋದೆ. ಈರಣ್ಣನನ್ನು ನಿಮಗೆ ಪರಿಚಯಿಸಬೇಕು. ಲಿಂಗಸೂರಿನ ಕಡೆಯವನು. ಪೀಣ್ಯದಲ್ಲಿ ಶೆಡ್ಡು ಕಟ್ಟುವ ಗಾರೆ ಕೆಲಸಕ್ಕೆಂದು ಬಂದು, ಕಟ್ಟಿದ ಶೆಡ್ಡೊಂದರಲ್ಲೇ ಮೆಕ್ಯಾನಿಕ್ಕಾಗಿ ಉಳಿದುಬಿಟ್ಟವನು. ಅವನಿಗೆ ನನ್ನಷ್ಟೇ ವಯಸ್ಸು, ನನ್ನ ಎರಡರಷ್ಟು ತಾಳ್ಮೆ. ನನ್ನ ಪಟ್ಟಿಯನ್ನು ಪೂರಾ ಓದಿ, ಮರ್ಯಾದೆಯಿಂದ ಮಡಚಿ ನನ್ನ ಜೇಬಿಗೇ ಇಟ್ಟ. "ಛಲೋ ಬರದೀರಿ ಸರ. ನಡೀರಿ, ಗಾಡಿ ನೋಡೂಣು" ಅಂದ.

ಹೊರಡುವ ಮುಂಚೆ ನಾನೊಂದು ಘನಂದಾರಿ ಕೆಲಸ ಮಾಡಿದೆ. ಹೇಳದೆ ಕೇಳದೆ ಒಬ್ಬರ ಮನೆಗೆ ಹೋಗುವುದು ಹೇಗೆ ಎಂದು ವೈಟ್‌ಫೀಲ್ಡಿನವರಿಗೆ ಫೋನು ಮಾಡಿ, "ಈಗ ಹೊರಟ್ವಿ ಸಾರ್, ಒಂದೂವರೆ ಗಂಟೇಲಿ ಬರ್ತೀವಿ" ಎಂದುಬಿಟ್ಟೆ. ನಾವು ತಲುಪಿದಾಗ ಕಾರು ತೊಳೆಸಿಕೊಂಡು, ಸುವಾಸನೆ ಹೊಡೆಸಿಕೊಂಡು, ಅತಿಥಿಗಳ ಜಾಗದಲ್ಲಿ ಮಿಂಚುತ್ತ ನಿಂತಿತ್ತು. ಈರಣ್ಣ ಬಾನೆಟ್ಟಿನ ಮೇಲೆ ಅಂಗೈಯಿಟ್ಟವನು ನನ್ನ ಕಡೆ ತಿರುಗಿ, "ನೀವು ಫೋನ್ ಮಾಡಿದ್ರ್ಯಾ ಸರ?" ಅಂದ. ಹೌದೆಂದೆ. "ಬಿಸಿ ಐತಿ. ತಣ್ಣಗಿದ್ದಾಗ ಚಾಲೂ ಮಾಡಿದ್ರ ಎಂಜಿನ್ ತನ್ನ ಬ್ಯಾನಿ ತಾನ ಹೇಳ್ತೈತಿ. ಬಿಸಿ ಆದ ಮ್ಯಾಗ ಎಲ್ಲಾವೂ ಶಾಣ್ಯಾ ಆಗ್ತಾವು" ಅಂದ. ನಾಚಿಕೆಯಿಂದ ಮುಖ ಕೆಂಪಗಾಯಿತು. ಜೀವಮಾನವೆಲ್ಲ ಉಕ್ಕು ತಣ್ಣಗಾಗದೆ ಅಳತೆ ಹಿಡಿಯಬಾರದು ಎಂದು ಹುಡುಗರಿಗೆ ಪಾಠ ಹೇಳಿದವನು ನಾನು.

ಆದರೂ ಓಡಿಸಿದೆ. ಏನು ಹೇಳಲಿ! ಪಕ್ಕದ ಹೂಡಿ ಊರು ದಾಟಿದ ಮೇಲೆ ಸ್ವಲ್ಪ ಖಾಲಿ ರಸ್ತೆ ಸಿಕ್ಕಿತು. ಕಾಲು ಒತ್ತಿದ್ದೇ ತಡ, ಒಂದು ಗುಂಯ್ ಎಂಬ ನಾದ ಕೆಳಗಿನಿಂದ ಹೊರಟು ಬೆನ್ನಿಗೆ ಹತ್ತಿ ತಲೆಯವರೆಗೆ ಬಂತು. ಎಲ್ಲೂ ತಡವರಿಕೆಯಿಲ್ಲ, ನಡುಕವಿಲ್ಲ. ಕಣ್ಣಲ್ಲಿ ನೀರು ಬಂತು ಅಂದರೆ ನಂಬುತ್ತೀರಾ? ಬಂತು. ಇದೇ ನನ್ನ ಕಾರು ಎಂದು ಅಲ್ಲೇ ತೀರ್ಮಾನಿಸಿದೆ. ಅದರ ಒಡೆಯ, ಸಭ್ಯ ಹುಡುಗ, ಹಿಂದಿನ ಸೀಟಿನಿಂದ "ಸ್ಮೂತ್ ಅಲ್ವಾ ಅಂಕಲ್?" ಅಂದ. ಅವನಿಗೆ ಅಲ್ಲೇ ಮುಂಗಡ ಕೊಡಲು ಕೈ ಜೇಬಿಗೆ ಹೋಗುತ್ತಿತ್ತು.

ವಾಪಸು ಬಂದಾಗ ಈರಣ್ಣ ನಾಪತ್ತೆ. ಅವನು ನಮ್ಮ ಜೊತೆ ಕಾರು ಹತ್ತಿರಲೇ ಇಲ್ಲ. ನೀರು ಕುಡಿದು ಬರುತ್ತೇನೆಂದು ನೆಲಮಾಳಿಗೆಯ ಕಡೆ ಹೋಗಿದ್ದ. ಕಾಲು ಗಂಟೆಯ ಮೇಲೆ ಬಂದವನು ಒಡೆಯನಿಗೆ ನಮಸ್ಕಾರ ಹೇಳಿ, ನನ್ನ ತೋಳು ಹಿಡಿದು ಗೇಟಿನ ಹೊರಗೆ ಕರೆದುಕೊಂಡು ಬಂದ.

"ಅಲ್ಲಿ ಕಸಾ ಹೊಡಿಯಾಕಿ ನಮ್ಮ ಕಡ್ಯಾಕಿ ಸರ. ಮಾತ ಕೇಳಿದ ಕೂಡ್ಲೆ ಗೊತ್ತಾತು. ಈ ಗಾಡಿ ದಿನಾ ನಿಲ್ಲೂ ಜಾಗಾ ಬ್ಯಾರೆ ಐತಂತ. ದಿನಾ ಮುಂಜಾನೆ ಅದರ ಕೆಳಗ ಎಣ್ಣಿ ಒರಸಿ ಒರಸಿ ಆಕಿ ಕೈ ಸೋತಾವಂತ. ಈಗ ರಟ್ಟು ಹಾಸ್ಯಾಳ. ರಟ್ಟು ನಾನೂ ನೋಡ್ದೆ, ಪೂರಾ ತೊಯ್ದೈತಿ."

"ಎಣ್ಣೆ ತಡೆಯೋ ಆ ಒಂದು ಸೀಲ್ ಬದಲಾಯಿಸಿದ್ರೆ ಆಗಲ್ವಾ ಈರಣ್ಣ?"

"ಆಗ್ತೈತಿ. ಆ ಸೀಲಿನ ತನಕ ಕೈ ಹೋಗಬೇಕಂದ್ರ ಮುಂದಿನ ಅರ್ಧಾ ಗಾಡಿ ಬಿಚ್ಚಬೇಕು. ಅಕ್ಕಾರು ಏನಂದಿದ್ರು, ನೆನಪೈತ್ಯಾ?"

ಅಕ್ಕಾರು ಅಂದರೆ ಸರೋಜ. ನೆನಪಿತ್ತು. ಆ ಹುಡುಗನನ್ನೂ ಬೈಯುವಂತಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ, ನಾನು ಕೇಳದ್ದನ್ನು ಹೇಳಿರಲಿಲ್ಲ ಅಷ್ಟೆ. ಕುಂದಲಹಳ್ಳಿಯ ಕಡೆ ಹೊರಟೆವು. ದಾರಿಯಲ್ಲಿ ಈರಣ್ಣ ಸಮಾಧಾನಕ್ಕೆಂಬಂತೆ, "ಗಾಡಿ ಸುದ್ದಿ ಓಡಸಾವ್ರನ್ನ ಕೇಳಬ್ಯಾಡ್ರಿ ಸರ, ಅದರ ಬುಡಕ ಕಸಾ ಹೊಡಿಯಾವ್ರನ್ನ ಕೇಳ್ರಿ" ಅಂದ. ಈ ಸಲ ಫೋನು ಮಾಡಲು ಬಿಡಲಿಲ್ಲ.

ಅಲ್ಲಿ ಹೋದರೆ ಇನ್ನೊಂದು ಅವತಾರ. ಎತ್ತರದ ಗಾಜಿನ ಕಟ್ಟಡಗಳ ಹಿಂದೆ ಹಳೇ ಊರಿನ ಓಣಿ, ಓಣಿಯ ಕೊನೆಗೆ ಮೂರಂತಸ್ತಿನ ಬಾಡಿಗೆ ಮನೆಗಳು, ಅವುಗಳ ನಡುವೆ ಒಂದು ಅಂಗಳ. ಅಂಗಳದಲ್ಲಿ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರು, ಅದರ ಪಕ್ಕ ಧೂಳು ಹೊದ್ದ ಬೆಳ್ಳಿ ಕಾರು. ಕಾರಿನ ಬಾನೆಟ್ಟಿನ ಮೇಲೆ ಬಿಳೀ ಪಂಚೆ, ಪಂಚೆಯ ಮೇಲೆ ಸಾಲು ಸಾಲಾಗಿ ಅಕ್ಕಿ ಸಂಡಿಗೆ! ಜೀರಿಗೆಯ ವಾಸನೆ ಗಮ್ಮೆನ್ನುತ್ತಿತ್ತು. ಕಾಯಲು ಕೂತಿದ್ದವರು ಮನೆಯ ಹಿರಿಯಾಕೆ ಮುನಿಯಮ್ಮ. ಮಗ ಇನ್ನೂ ದೊಡ್ಡ ಗಾಡಿ ತಂದ ಮೇಲೆ ಇದು ಒಂದು ತಿಂಗಳಿಂದ ನಿಂತಲ್ಲೇ ನಿಂತಿತ್ತಂತೆ. "ಬಾನೆಟ್ ಮ್ಯಾಲೆ ಸಂಡಿಗೆ ಬೋ ಚೆಂದಾಗಿ ಒಣಗ್ತದೆ ಕಣಪ್ಪ. ಇದ ಮಾರ್ಬಿಟ್ರೆ ಇನ್ನೆಲ್ಲಿ ಒಣಗಾಕ್ಲಿ?" ಎಂದು ನನ್ನನ್ನೇ ಕೇಳಿದರು.

ಕೀಲಿ ತಿರುಗಿಸಿದರೆ ಕಾರು ಟಕ್ ಅನ್ನಲಿಲ್ಲ, ಟಿಕ್ ಅನ್ನಲಿಲ್ಲ. ಬ್ಯಾಟರಿ ಸತ್ತಿತ್ತು. ನನ್ನ ಮುಖ ಇಳಿದುಹೋಯಿತು. ಈರಣ್ಣನ ಮುಖ ಅರಳಿತು. "ಪೂರಾ ತಣ್ಣಗೈತಿ. ಇದಕ್ಕ ಯಾರೂ ಮೊದಲ ಕಲಿಸಿ ನಿಲ್ಲಿಸಿಲ್ಲ ಸರ" ಎಂದು ಸಂಡಿಗೆಯ ಪಂಚೆಯನ್ನು ಜೋಪಾನವಾಗಿ ಜಗಲಿಗೆ ಸರಿಸಿ, ಬಾನೆಟ್ ಎತ್ತಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ತಂತಿ ಎಳೆಯತೊಡಗಿದ. ಅದಕ್ಕೂ ಮುಂಚೆ ಮುನಿಯಮ್ಮನ ಪಕ್ಕ ಕೂತು ಕೇಳಿದ್ದು ಒಂದೇ ಪ್ರಶ್ನೆ: "ಅವ್ವಾ, ಈ ಅಂಗಳಾ ಯಾರು ತೊಳೀತಾರ?"

"ನಾನೇಯ. ಸೊಸೇರ ಕೈಲಿ ಅದಾಗಾಕಿಲ್ಲ. ಆರು ವರ್ಸದಿಂದ ಈ ಕಾರು ದಿನಾ ರಾತ್ರೆ ಇಲ್ಲೇ ನಿಲ್ಲಾದು, ಇದರ ಮುಂದೆ ದಿನಾ ರಂಗೋಲಿ ಬುಡ್ತೀನಿ. ಆ ಟ್ಯಾಕ್ಟ್ರು ಐತಲ್ಲ, ಅದು ಎಣ್ಣೆ ಸುರ್ಸಿ ಅಂಗಳನೆಲ್ಲ ಅಸಿಂಗ ಮಾಡ್ತದೆ. ಇದು ಮಾತ್ರ ಒಂದು ತೊಟ್ಟು ಕೆಡವಿಲ್ಲ ಕಣಪ್ಪ, ಸುಳ್ಯಾಕೆ ಏಳ್ಲಿ."

ಎಂಜಿನ್ ಚಾಲೂ ಆಯಿತು. ಮೊದಲು ಒಂದು ಕೆಮ್ಮು, ಆಮೇಲೆ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗಿನ ಉಸಿರು. ಮುನಿಯಮ್ಮ ನಮಗೆಂದು ತಂದುಕೊಟ್ಟಿದ್ದ ಚೊಂಬಿನ ನೀರನ್ನು ಈರಣ್ಣ ಕುಡಿಯಲಿಲ್ಲ. ಚೊಂಬನ್ನು ಓಡುತ್ತಿರುವ ಎಂಜಿನ್ನಿನ ನೆತ್ತಿಯ ಮೇಲಿಟ್ಟ. ನಾವು ಮೂವರೂ ಬಗ್ಗಿ ನೋಡಿದೆವು. ನೀರಿನ ಮೇಲೆ ಬಿದ್ದಿದ್ದ ಆಕಾಶದ ಚೂರು ಕದಡಲೇ ಇಲ್ಲ. ಮೇಸ್ತ್ರಿ ಹೇಳಿದ್ದ ಆರು ಜನ ಇಲ್ಲೂ ಒಬ್ಬರನ್ನೊಬ್ಬರು ತಾಳಿಕೊಂಡಿದ್ದರು, ಸಾಲಾಗಿ ನಿಲ್ಲದೆ ಎದುರುಬದುರು ನಿಂತಿದ್ದರು ಅಷ್ಟೆ. ನಾನು ಜೇಬಿನಿಂದ ಪಟ್ಟಿ ತೆಗೆದು ಹರಿದೆ. ಈರಣ್ಣ ಚೊಂಬು ತೆಗೆದು ಗಟಗಟನೆ ನೀರು ಕುಡಿದ.

ನಿಜ ಹೇಳುತ್ತೇನೆ, ಈಗಲೂ ರಸ್ತೆಯಲ್ಲಿ ಅಂಥ ನೀಲಿ ಕಾರು ಕಂಡರೆ ಕತ್ತು ತಿರುಗುತ್ತದೆ. ಆ ನಾದ ಈ ಕಾರಿಗಿಲ್ಲ. ಆದರೆ ಇದು ಮಾಡಿದ ಒಂದು ಪವಾಡ ಹೇಳುತ್ತೇನೆ, ಕೇಳಿ. ಯಾವ ಕಾರಿನಲ್ಲಿ ಕೂತರೂ ಮೇಲಿನ ಹಿಡಿಕೆ ಬಿಡದೆ "ನಿಧಾನ, ನಿಧಾನ" ಅನ್ನುತ್ತಿದ್ದ ಸರೋಜ, ಮೊದಲ ಸಲ ತುಮಕೂರು ರಸ್ತೆಯಲ್ಲಿ ಕರೆದುಕೊಂಡು ಹೋದಾಗ ನೆಲಮಂಗಲ ದಾಟುವುದರೊಳಗೆ ನಿದ್ದೆಹೋಗಿದ್ದಳು. ಡಾಬಸ್‌ಪೇಟೆಯಲ್ಲಿ ಎದ್ದು, "ಇನ್ನೂ ಹೊರಟೇ ಇಲ್ವಾ?" ಎಂದು ಕೇಳಿದಳು. ಕಾರನ್ನು ಅವಳು ಹೊಗಳಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಅಂಥ ಕಾರು ಇವತ್ತು ತೊಟ್ಟು ಕೆಡವಿತ್ತು. ಬನಿಯನ್ನಿನ ಚೂರು ನೆಲಕ್ಕೆ ತಾಗಿಸುವ ಹೊತ್ತಿಗೆ ಬಾಗಿಲ ಸದ್ದಾಯಿತು. ಬಕೆಟ್ ಹಿಡಿದು ಸರೋಜ ನಿಂತಿದ್ದಳು.

"ಏನ್ರೀ ಮಾಡ್ತಿದ್ದೀರಿ?"

"ಏನಿಲ್ಲ, ಟೈರಲ್ಲಿ ಗಾಳಿ ಇದ್ಯಾ ನೋಡ್ತಿದ್ದೆ."

"ಬನಿಯನ್ ಇಟ್ಕೊಂಡಾ?" ಅಂದಳು. ಬಕೆಟ್ ಕೆಳಗಿಟ್ಟಳು. "ಅದನ್ನ ಒರೆಸ್ಬೇಡಿ, ಹಾಗೇ ಬಿಡಿ. ಈರಣ್ಣ ನೋಡ್ಬೇಕಂತೆ."

"ಈರಣ್ಣಂಗೆ ಯಾರು ಹೇಳಿದ್ದು?"

"ನಾನೇ. ಸೋಮವಾರ ಕಡಲೆಕಾಳಷ್ಟಿತ್ತು, ಅವತ್ತೇ ಫೋನ್ ಮಾಡ್ದೆ. ಆ ಜಾಗ ಬಿಟ್ಟು ತೊಳೀರಿ ಅಕ್ಕಾರೆ, ಎಷ್ಟು ಬೆಳೆಯುತ್ತೆ ನೋಡೋಣ ಅಂದ್ರು. ಇವತ್ತು ಹತ್ತು ಗಂಟೆಗೆ ಬರ್ತಾರೆ. ಆ ತೊಟ್ಟಿಗೆ ತಾಗ್ದಿರ್ಲಿ ಅಂತ ನಾಲ್ಕು ದಿನದಿಂದ ರಂಗೋಲಿನ ಒಂದು ಗೇಣು ಪಕ್ಕಕ್ಕೆ ಹಾಕ್ತಿದ್ದೀನಿ. ದಿನಾ ಅದನ್ನ ದಾಟ್ಕೊಂಡೇ ಹಾಲು ತರೋಕೆ ಹೋಗ್ತೀರ, ಕಾಣಿಸ್ಲಿಲ್ವಾ?"

ನೋಡಿದೆ. ಹೌದು, ನಿನ್ನೆಯ ರಂಗೋಲಿ ಮನೆಯ ಮೆಟ್ಟಿಲ ಎದುರು ನಟ್ಟನಡುವೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಕೂದಲೆಳೆಯ ತಪ್ಪು ಹಿಡಿಯುತ್ತಿದ್ದ ಕಣ್ಣಿಗೆ ಒಂದು ಗೇಣು ಕಂಡಿರಲಿಲ್ಲ. ಆ ವೈಟ್‌ಫೀಲ್ಡಿನ ಹುಡುಗನಾದರೂ ಪರರಿಂದ ಮುಚ್ಚಿಟ್ಟಿದ್ದ, ನಾನು ಮನೆಯವಳಿಂದಲೇ ಒರೆಸಿ ಮುಚ್ಚಲು ಹೊರಟಿದ್ದೆ. ತುಂಬ ನಾಚಿಕೆಯಾಯಿತು. ಆದರೂ ಕೇಳಿಯೇಬಿಟ್ಟೆ: "ಮಾರ್ಬೇಕು ಅಂದಿದ್ಯಲ್ಲ?"

"ಇಷ್ಟಕ್ಕೆಲ್ಲ ಮಾರೋ ಹಾಗಿದ್ರೆ ನಿಮ್ಮ ಮಂಡಿ ನೋವಿಗೇ ಮೊದಲು ನಿಮ್ಮನ್ನ ಮಾರ್ತಿದ್ದೆ. ಎದ್ದೇಳಿ ಮೇಲೆ, ನಾನು ತೊಳೀಬೇಕು."

ಮಂಡಿ ಹಿಡಿದುಕೊಂಡೇ ಎದ್ದೆ. ಅವಳು ತೊಟ್ಟಿನ ಸುತ್ತ ಜಾಗ ಬಿಟ್ಟು ಮೆಲ್ಲಗೆ ನೀರು ಹರಿಸಿದಳು. ಈರಣ್ಣ ಬರುವ ಮುಂಚೆ ಎಂಜಿನ್ ಹೇಗಿದೆಯೋ ಒಮ್ಮೆ ಚಾಲೂ ಮಾಡಿ ಕೇಳಿಬಿಡೋಣ ಎಂದು ಜೇಬು ತಡಕಿದೆ.

"ಕೀ ಇಲ್ಲಿದೆ" ಎಂದು ತಲೆಯೆತ್ತದೆಯೇ ಸೆರಗಿನ ಗಂಟು ತೋರಿಸಿದಳು. "ಅವರು ಬರೋವರೆಗೂ ತಣ್ಣಗಿರಬೇಕಂತೆ."