ಎಡಗಿವಿಯ ಕಚ್ಚು

ಯಾರಾದರೂ ವಿಚಿತ್ರ ಅನುಭವ ಹೇಳಲು ಕೂತರೆ ಎದ್ದು ಹೋಗುತ್ತಿದ್ದವನು ನಾನು. ಚಳ್ಳಕೆರೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆದು ಬದುಕುತ್ತಿದ್ದೆ. ಚಿತ್ರವೆಂದರೆ ಬಣ್ಣ ಮತ್ತು ಗೋಡೆ, ಅಷ್ಟೆ. ಈಗಲೂ ಹಾಗೆಯೇ ಹೇಳುವ ಆಸೆಯಿದೆ, ಧೈರ್ಯ ಸಾಲದು.

ತೊಂಬತ್ತರ ದಶಕದ ಕೊನೆಯಲ್ಲಿ ಮೊಳಕಾಲ್ಮೂರು ಕಡೆಯ ಒಂದು ಸಣ್ಣ ಚರ್ಚಿನ ಗೋಡೆಗೆ, ಕುರಿಮರಿ ಹೊತ್ತ ಯೇಸುವಿನ ಚಿತ್ರ ಬರೆಯಲು ಫಾದರ್ ಕರೆಸಿದರು. ಮಾದರಿಗೆಂದು ಕೊಟ್ಟ ಪುಸ್ತಕದಲ್ಲಿ ರೋಮಿನ ನೆಲದಡಿಯ ಸಮಾಧಿಗಳ ಗೋಡೆಚಿತ್ರವೊಂದರ ಫೋಟೋ ಇತ್ತು. ಗಡ್ಡವಿಲ್ಲದ ಹುಡುಗ, ಮೊಣಕಾಲಿಗೂ ಬಾರದ ಅಂಗಿ, ಹೆಗಲ ಮೇಲೆ ಮರಿ. ಇವನು ಯೇಸುವೇ ಎಂದು ಕೇಳಿದೆ. ಫಾದರ್ ವಿವರಿಸಿದರು. ಯೇಸು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಗ್ರೀಕರು ಟಗರು ಹೊತ್ತ ತಮ್ಮ ದೇವರೊಬ್ಬನನ್ನು ಹೀಗೇ ಕಡೆಯುತ್ತಿದ್ದರಂತೆ. ಮೊದಲ ಕ್ರೈಸ್ತರು ಅದೇ ರೂಪವನ್ನು ತಮ್ಮವನಿಗೆ ಕೊಟ್ಟರಂತೆ. ಹಾಗಾದರೆ ಇದು ಸೆಕೆಂಡ್ ಹ್ಯಾಂಡ್ ಚಿತ್ರ ಎಂದು ಚುಡಾಯಿಸಿದೆ. ಫಾದರ್ ನಕ್ಕರು.

ಮೂರನೆಯ ಮಧ್ಯಾಹ್ನ ಮರಿಯ ಎಡಗಿವಿ ಮುಗಿಸಿದೆ. ಫೋಟೋದಲ್ಲಿ ಆ ಜಾಗದ ಗಾರೆ ಉದುರಿ ಎರಡು ಕಚ್ಚು, ನಡುವೆ ಒಂದು ತೂತು ಕಂಡಿತ್ತು. ಇದ್ದದ್ದನ್ನು ಇದ್ದ ಹಾಗೇ ಬರೆಯುವ ನನ್ನ ಹಟ, ಅದನ್ನೂ ಬರೆದೆ. ನೀರು ಕೇಳಿಕೊಂಡು ಬಂದ ಮುದುಕ ಕುರಿಗಾಹಿಯೊಬ್ಬ ಚೊಂಬು ಹಿಡಿದುಕೊಂಡೇ ನಿಂತುಬಿಟ್ಟ.

“ಇದು ನಮ್ ಮರಿ ಸ್ವಾಮಿ,” ಅಂದ.

ಮಂದೆಗಳು ಬೆರೆತರೆ ಗುರುತು ಸಿಗಲೆಂದು ಒಂದೊಂದು ಮನೆಯವರು ಮರಿಗಳ ಕಿವಿಗೆ ಒಂದೊಂದು ಬಗೆಯ ಕಚ್ಚು ಹಾಕುತ್ತಾರೆ. ಈ ಕಚ್ಚು ಹಾಕುತ್ತಿದ್ದವನು ಅವನ ತಮ್ಮನಂತೆ. ಒಂದು ಮರಿ ತಪ್ಪಿಸಿಕೊಂಡಿತೆಂದು ಇವನೇ ಬೈದು, ಹುಡುಕಿಕೊಂಡು ಬಾ ಎಂದು ವರವು ಕಾವಲ್ ಹುಲ್ಲುಗಾವಲಿನ ಕಡೆ ಅಟ್ಟಿದ್ದ. ತಮ್ಮ ಮತ್ತೆ ಬರಲಿಲ್ಲ. ಅಂದಿನಿಂದ ಆ ಕಚ್ಚನ್ನು ಮನೆಯಲ್ಲಿ ಯಾರೂ ಹಾಕಿಲ್ಲವೆಂದ.

ಆಮೇಲೆ ಗೋಡೆಯ ಹತ್ತಿರ ಹೋಗಿ, ನಾನು ಅಲ್ಲಿಲ್ಲವೆಂಬಂತೆ, “ಮರಿ ಸಿಕ್ಕೈತಲ್ಲೋ ತಮ್ಮ. ಇನ್ನ ಬೈಯಲ್ಲ, ಬಾ,” ಅಂದ. ನೀರು ಕುಡಿಯದೆ ಹೊರಟುಹೋದ.

ಮುದುಕನಿಗೆ ಭ್ರಮೆ ಎಂದುಕೊಂಡು ಪುಸ್ತಕ ತೆರೆದೆ. ಫೋಟೋದ ಮರಿಯ ಕಿವಿ ಇಡಿಯಾಗಿತ್ತು. ಕಚ್ಚೂ ಇರಲಿಲ್ಲ, ತೂತೂ ಇರಲಿಲ್ಲ. ಪುಸ್ತಕವನ್ನು ಫಾದರ್ ಕೈಗೆ ಕೊಟ್ಟೆ. ಅವರೂ ತಿರುತಿರುಗಿಸಿ ನೋಡಿದರು. ಗೋಡೆಯ ಮೇಲಿನ ಕಿವಿ ಸರಿ ಮಾಡಿಬಿಡಲೇ ಎಂದು ಕೇಳಿದೆ. ಬೇಡ, ಇರಲಿ ಎಂದರು.

ಮರುವರ್ಷ ಚಳ್ಳಕೆರೆ ರಸ್ತೆಯಲ್ಲಿ ನನ್ನ ಬಸ್ಸಿಗೆ ಒಂದು ಕುರಿಮಂದೆ ಅಡ್ಡ ಬಂತು. ಹಿಂದೆ ಅದೇ ಮುದುಕ. ಹೊಸ ಮರಿಗಳ ಎಡಗಿವಿಯಲ್ಲೆಲ್ಲ ಎರಡು ಕಚ್ಚು, ನಡುವೆ ಒಂದು ತೂತು. ಅವನಿಗೆ ಅದು ತಮ್ಮನ ಕಚ್ಚು. ನಾನು ಮಾತ್ರ ಏನನ್ನು ನೋಡಿ ಅದನ್ನು ಬರೆದೆನೋ, ಇವತ್ತಿಗೂ ಗೊತ್ತಿಲ್ಲ.