ವಾರಿಜಕ್ಕನ ಫ್ರಿಜ್ಜಿನ ಮೇಲೊಂದು ಭೂಕಂಪ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಡೊಂಬಿವಲಿ ಪಕ್ಕದ ಕಲ್ಯಾಣದ ನೆಲ ಇಪ್ಪತ್ತು ನಿಮಿಷಕ್ಕೊಮ್ಮೆ ನಡುಗುತ್ತದೆ ಎಂದು ತುಂಬಿದ ಸಭೆಯಲ್ಲಿ ಸಾರಿದ ಮಹಾನುಭಾವ ನಾನೇ. ಇವತ್ತು ಆಫೀಸಿನಲ್ಲಿ ಮೇಜಿನ ಡ್ರಾಯರ್ ಎಳೆದರೆ ಒಣಗಿದ ಸೇವಂತಿಗೆಯ ವಾಸನೆ ಬಂತು. ಒಳಗೆ ಆ ಪೆಟ್ಟಿಗೆ. ಬೋಲ್ಟಿನ ತೂತಿನಲ್ಲಿ ಇನ್ನೂ ಕುಂಕುಮ. ನೋಡಿ ನಗು ಬರಬೇಕಿತ್ತು, ಹಸಿವಾಯಿತು.

ಪೆಟ್ಟಿಗೆ ಎಂದರೆ ಊಟದ ಡಬ್ಬಿಯಷ್ಟು ದೊಡ್ಡದು. ನೆಲ ಎಷ್ಟು ಅಲುಗಿತು ಎಂದು ಬರೆದುಕೊಳ್ಳುತ್ತಾ ಕೂರುವುದು ಅದರ ಕೆಲಸ. ಅಂಥ ಪೆಟ್ಟಿಗೆಗಳನ್ನು ಊರೂರಿನ ಮನೆಗಳ ನೆಲಕ್ಕೆ ಬಿಗಿಯುವುದು ನನ್ನ ಕೆಲಸ. ಭೂಕಂಪ ಒಂದೇ ಆದರೂ ಬಂಡೆಯ ಮೇಲಿನ ಮನೆಯನ್ನು ಸವರಿ ಹೋಗುತ್ತದೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಕೆಸರಿನ ಮೇಲಿನ ಮನೆಯನ್ನು ಹಿಡಿದು ಅಲ್ಲಾಡಿಸುತ್ತದೆ. ಪೆಟ್ಟಿಗೆ ಹೆಚ್ಚಿದಷ್ಟೂ ದೇಶದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ನಡುಗಿತು ಎಂಬ ನಕ್ಷೆ ನಿಜಕ್ಕೆ ಹತ್ತಿರವಾಗುತ್ತದೆ, ಆಂಬುಲೆನ್ಸ್ ಸರಿಯಾದ ಕಡೆಗೆ ಮೊದಲು ಓಡುತ್ತದೆ. ಆ ನಕ್ಷೆಯಲ್ಲಿ ಕಲ್ಯಾಣ ಖಾಲಿಯಿತ್ತು. ಅಲ್ಲಿಗೊಂದು ಚುಕ್ಕೆ ತಂದವನು ನಾನು, ವಾರಿಜಕ್ಕನ ಅಡುಗೆಮನೆಯಿಂದ.

ವಾರಿಜಕ್ಕ ಉಡುಪಿ ಕಡೆಯವರು. ಸ್ಟೇಷನ್ ಹಿಂದಿನ ಹಳೇ ಬಿಲ್ಡಿಂಗಿನ ನೆಲಮಹಡಿಯ ಮನೆಯಲ್ಲಿದ್ದರು. ಮೈಸೂರಿನಿಂದ ಬಂದ ಹೊಸತರಲ್ಲಿ ಮೂರು ವರ್ಷ ನಾನು ಅವರ ಒಳಕೋಣೆಯ ಬಾಡಿಗೆದಾರ. ಆ ಮನೆಯಲ್ಲಿ ಗಡಿಯಾರಕ್ಕಿಂತ ಸ್ಟೀಲಿನ ಲೋಟಗಳ ಮಾತಿಗೆ ಬೆಲೆ ಹೆಚ್ಚು. ಫಾಸ್ಟ್ ಲೋಕಲ್ಲಿಗೆ ಒಂದು ಥರ, ಎಲ್ಲ ಸ್ಟೇಷನ್ನಿಗೂ ನಿಲ್ಲುವ ಸ್ಲೋಗೆ ಇನ್ನೊಂದು ಥರ, ರೈಲು ಹೋದರೆ ಅವು ಸ್ಟ್ಯಾಂಡಿನಲ್ಲಿ ಕಿಣಿಕಿಣಿ ಎನ್ನುತ್ತಿದ್ದವು. ವಾರಿಜಕ್ಕ ಕಾವಲಿಯಿಂದ ಕಣ್ಣೆತ್ತದೆ ಹೇಳುತ್ತಿದ್ದರು: "ಫಾಸ್ಟ್ ಹೋಯ್ತು. ಸ್ಲೋಗೆ ಟೈಮುಂಟು, ಇನ್ನೊಂದು ದೋಸೆ ತಿನ್ನು ಮಾರಾಯ."

ಸಂಜೆ ನನ್ನ ಲೋಕಲ್ ಗಾಡಿ ಬಂದದ್ದೂ ಲೋಟದಿಂದಲೇ ತಿಳಿಯುತ್ತಿತ್ತಂತೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಚಹಾ ಕುದಿಯುತ್ತಿತ್ತು. ಪೆಟ್ಟಿಗೆ ಬಿಗಿದ ದಿನ, "ಇದು ಯಾಕೆ, ನನ್ನ ಲೋಟ ಸಾಲುದಿಲ್ವಾ?" ಎಂದು ಕೇಳಿದ್ದರು. ನಾನು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ನಕ್ಕಿದ್ದೆ.

ಆಮೇಲೆ ಆಫೀಸಿಗೆ ಹತ್ತಿರವೆಂದು ನೆರೂಳಕ್ಕೆ ಮನೆ ಬದಲಿಸಿದೆ. ಪ್ರತಿ ಭಾನುವಾರ ಬರುತ್ತೇನೆ ಎಂದಿದ್ದೆ. ಮೊದಲ ಭಾನುವಾರ ಹೋದೆ. ಎರಡನೆಯದಕ್ಕೆ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್. ಮೂರನೆಯದಕ್ಕೆ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಬದಲಿಸಲು ಸೋಮಾರಿತನ. ಹೇಗೂ ಪೆಟ್ಟಿಗೆ ಅಲ್ಲಿಂದ ದಿನವೂ ಸುದ್ದಿ ಕಳಿಸುತ್ತಿತ್ತಲ್ಲ, ನಾನೇ ಹೋಗಿ ಬಂದಂತೆ ಎಂದುಕೊಂಡೆ. ನೀವು ಇಂಥ ಜಾಣತನ ಮಾಡಿಲ್ಲವೆಂದು ಆಶಿಸುತ್ತೇನೆ.

ನವರಾತ್ರಿ ಮುಗಿದದ್ದೇ ಆಫೀಸಿನ ಪರದೆಯ ಮೇಲೆ ಕಲ್ಯಾಣದ ಪೆಟ್ಟಿಗೆಯ ಗೆರೆ ಕುಣಿಯತೊಡಗಿತು. ರೈಲು ಹೋದರೆ ಮೊದಲಿನ ಎರಡು ಪಟ್ಟು ನಡುಕ. ಜೊತೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಗುಂಯ್. ಹೋಗಿ ನೋಡುವುದು ಬಿಟ್ಟು ಮೂರು ತಿಂಗಳು ಕೂತು ಸ್ಲೈಡ್ ಮಾಡಿದೆ: ಕಲ್ಯಾಣದ ಮಣ್ಣು ಹಲ್ವಾ, ಭೂಮಿತಾಯಿ ಅಲ್ಲಿ ಉಸಿರಾಡುತ್ತಾಳೆ! ನಮ್ಮ ಮೇಡಂ ಕೂಡ ಮೈಸೂರಿನವರೇ. ಸಭೆಯಲ್ಲಿ ಕನ್ನಡಕ ತೆಗೆದು ಕೇಳಿದರು: "ಏನಪ್ಪಾ, ನಿನ್ನ ಮಣ್ಣಿಗೆ ಥರ್ಮೋಸ್ಟಾಟ್ ಇದ್ಯಾ? ಹೊತ್ತಿಗೆ ಸರಿಯಾಗಿ ಗುಂಯ್ ಅನ್ನೋದು ಫ್ರಿಜ್ ಕಣೋ! ಹೋಗಿ ಸರಿ ಮಾಡು, ಇಲ್ಲಾಂದ್ರೆ ಆ ಚುಕ್ಕೆ ಅಳಿಸ್ತೀನಿ."

ಅವತ್ತೇ ಓಡಿದೆ. ಪೆಟ್ಟಿಗೆ ಫ್ರಿಜ್ಜಿನ ನೆತ್ತಿಯಲ್ಲಿ, ಮಣೆಯ ಮೇಲೆ, ಹೂವು ಮುಡಿದು ಮದುಮಗಳಂತೆ ಕೂತಿತ್ತು.

"ಆಯುಧ ಪೂಜೆಗೆ ಎತ್ತಿದ್ದು," ಎಂದರು ವಾರಿಜಕ್ಕ. "ಪ್ಲಂಬರನ ಹತ್ರ ಬಿಚ್ಚಿಸಿದೆ. ಪೂಜೆ ಮಾಡಿದ್ದನ್ನು ಮತ್ತೆ ಕಾಲಬುಡಕ್ಕೆ ಇಡ್ಲಿಕ್ಕೆ ಮನಸ್ಸಾಗ್ಲಿಲ್ಲ. ಭಾನುವಾರ ನೀನು ಬರ್ತಿಯಲ್ಲ, ಕೇಳುವ ಅಂತ ಇದ್ದೆ."

"ಒಂದು ಫೋನ್ ಮಾಡಬಾರದಿತ್ತಾ ಅಕ್ಕಾ?"

"ಬರ್ತೇನೆ ಅಂದವನಿಗೆ ಫೋನ್ ಯಾಕೆ?"

ಪೆಟ್ಟಿಗೆ ಕೆಳಗಿಳಿಸಿ, ಮತ್ತೆ ಬಿಗಿಯಲು ಬೋಲ್ಟು ಹಿಡಿದು ನೆಲಕ್ಕೆ ಕೂತೆ. "ಬೇಡ," ಎಂದರು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ, ಕೆಡವಿ ಹೊಸದು ಕಟ್ಟಲು, ಹೋಗಿತ್ತು. ಆ ವಾರವೇ ಮನೆ ಖಾಲಿ ಮಾಡಿ ಸೀವುಡ್ಸ್‌ಗೆ, ಹನ್ನೊಂದನೇ ಮಾಳಿಗೆಯ ಮಗಳ ಮನೆಗೆ ಹೊರಟಿದ್ದರು. ನಾವು ಮಾತಾಡುತ್ತಿರುವಾಗಲೇ ಒಂದು ಗಾಡಿ ಹೋಯಿತು. ಲೋಟಗಳು ಆಗಲೇ ಪೇಪರ್ ಸುತ್ತಿಕೊಂಡು ರಟ್ಟಿನ ಡಬ್ಬದಲ್ಲಿದ್ದವು. ಫಾಸ್ಟೋ ಸ್ಲೋವೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಪೆಟ್ಟಿಗೆ ನನ್ನ ಜೊತೆ ಆಫೀಸಿಗೆ ಬಂತು, ಚುಕ್ಕೆ ಅಳಿಯಿತು. ಈಗ ನಕ್ಷೆಯಲ್ಲಿ ಡೊಂಬಿವಲಿಯ ನಡುಕದ ಬಣ್ಣವನ್ನೇ ಎಳೆದು ಕಲ್ಯಾಣಕ್ಕೂ ಹಚ್ಚುತ್ತೇವೆ. ನೋಡಿದವರಿಗೆ ತಿಳಿಯುವುದಿಲ್ಲ, ನನಗೆ ಅಲ್ಲೊಂದು ತೂತು ಕಾಣುತ್ತದೆ. ಪೆಟ್ಟಿಗೆಗೆ ಹೊಸ ನೆಲ ಹುಡುಕುತ್ತಲೇ ಇದ್ದೇನೆ. ತೋರಿಸಿದ ನೆಲಕ್ಕೆಲ್ಲ ಏನೋ ಒಂದು ಕೊಂಕು ತೆಗೆಯುತ್ತೇನೆ.

ಸೀವುಡ್ಸ್ ನೆರೂಳದಿಂದ ಒಂದೇ ಸ್ಟೇಷನ್. ಆದರೂ ಹೋಗಿರಲಿಲ್ಲ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಇವತ್ತು ಆ ಕುಂಕುಮವನ್ನು ಉಗುರಿನಿಂದ ಕೆರೆಯಹೊರಟವನು ಕೈ ತಡೆದು ಫೋನ್ ಮಾಡಿದೆ. ಭಾನುವಾರ ಎಂದು ಬಾಯಿಗೆ ಬಂದದ್ದನ್ನು ನುಂಗಿ, "ಇವತ್ತೇ ಬರ್ತೀನಿ ಅಕ್ಕಾ," ಎಂದೆ.

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಇಲ್ಲಿ ಲೋಟ ಅಲುಗುದೇ ಇಲ್ಲ ಮಾರಾಯ," ಎಂದರು. "ಗಾಡಿ ಇಳಿದ ಕೂಡ್ಲೇ ಒಂದು ಫೋನ್ ಮಾಡು. ಇಲ್ಲದಿದ್ರೆ ಚಹಾ ಯಾವಾಗ ಇಡುದು ಅಂತ ನಂಗೆ ಗೊತ್ತಾಗುದಿಲ್ಲ."